ಬಯಾಸ್ ನಮ್ಮ ಕೈಯಲ್ಲಿರಬೇಕೇ, ವಾಲ್ವಿಗೇ ಬಿಡಬೇಕೇ?

ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಸತೊಡಗಿತು. ಆ ತಯಾರಿಕೆ ನಿಂತು ಬಹಳ ಕಾಲವಾಯಿತು. ಈಗ ಮನೆಯಲ್ಲಿ ವಾಲ್ವ್ ಆಂಪ್ಲಿಫೈಯರ್ ಕಟ್ಟುವವರಿಗೆ ಹಳೆಯ ದಾಸ್ತಾನೋ ಹೊರದೇಶದ ಮಾಲೋ ಗತಿ. ಬಯಾಸ್, ಅಂದರೆ ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್ಡಿನ ಋಣ ವೋಲ್ಟೇಜ್, ತಪ್ಪಿದರೆ ಪ್ಲೇಟ್ ಕೆಂಪಗೆ ಕಾದು ಅಂಥ ವಾಲ್ವ್ ಹಾಳಾಗುತ್ತದೆ. ಆದ್ದರಿಂದ ಬಯಾಸನ್ನು ಹೇಗೆ ಕೊಡಬೇಕು, ಎಷ್ಟು ಸಲ ನೋಡಬೇಕು ಎಂಬ ವಾದಕ್ಕೆ ಬೆಲೆಯಿದೆ.

ಒಂದು ಪಕ್ಷದವರು ಫಿಕ್ಸೆಡ್ ಬಯಾಸ್ ಬೇಕೆನ್ನುತ್ತಾರೆ. ಗ್ರಿಡ್ಡಿಗೆ ಬೇರೆಯೇ ಋಣ ವೋಲ್ಟೇಜ್ ಕೊಟ್ಟು ಪ್ರಿಸೆಟ್‌ನಿಂದ ಹೊಂದಿಸುವ ಕ್ರಮವಿದು. ಇಎಲ್34ರ ಪ್ಲೇಟ್ ತಾಳುವುದು 25 ವ್ಯಾಟ್. ಅದರ ಶೇ. 70ಕ್ಕೆ ನಿಲ್ಲಿಸಿದರೆ 400 ವೋಲ್ಟಿನಲ್ಲಿ ಸುಮಾರು 44 ಮಿಲಿಆಂಪ್. ಕ್ಯಾಥೋಡಿನ ಕೆಳಗೆ 10 ಓಮ್ ರೆಸಿಸ್ಟರ್ ಇಟ್ಟರೆ ಸಾಧಾರಣ ಮಲ್ಟಿಮೀಟರಿನಲ್ಲೇ ಅದು 0.44 ವೋಲ್ಟ್ ಎಂದು ಕಾಣುತ್ತದೆ. ಸ್ಕ್ರೀನಿನ ಕರೆಂಟು ಸೇರಿದರೆ ತುಸು ಹೆಚ್ಚು. ವಾಲ್ವ್ ಸವೆಯುತ್ತಿದ್ದರೂ ಈ ಅಂಕಿಯೇ ಮೊದಲು ಸುಳಿವು ಕೊಡುತ್ತದೆ. ಕ್ಯಾಥೋಡಿನಲ್ಲಿ ವೋಲ್ಟೇಜ್ ಪೋಲಾಗದ ಕಾರಣ ಪವರ್ ಕೂಡ ಹೆಚ್ಚು.

ಇದಕ್ಕೆ ಎದುರು ಪಕ್ಷದವರ ಉತ್ತರವೂ ಗಟ್ಟಿಯಾಗಿದೆ. ಜೂನ್ ಬಂತೆಂದರೆ ತಿಂಗಳುಗಟ್ಟಲೆ ತೇವ ಆರದ ಕೊಕ್ಕಡದಂಥ ಊರಿನಲ್ಲಿ ಪ್ರಿಸೆಟ್ ಕಿಲುಬು ಹಿಡಿಯುವುದು ಸಹಜ. ಅದರ ನಡುಕಾಲು ಸಂಪರ್ಕ ಬಿಟ್ಟರೆ ಗ್ರಿಡ್ಡಿನ ಋಣ ವೋಲ್ಟೇಜ್ ಮಾಯವಾಗಿ, ಸ್ವಲ್ಪ ಹೊತ್ತಿನಲ್ಲೇ ಪ್ಲೇಟ್ ಕೆಂಪಾಗುತ್ತದೆ. ಅವರು ಬೇಕೆನ್ನುವ ಕ್ಯಾಥೋಡ್ ಬಯಾಸಿನಲ್ಲಿ, ಅಂದರೆ ಕ್ಯಾಥೋಡಿನ ಕೆಳಗಿನ ರೆಸಿಸ್ಟರಿನಿಂದಲೇ ಬಯಾಸ್ ಪಡೆಯುವ ಕ್ರಮದಲ್ಲಿ, ಈ ಭಯವಿಲ್ಲ: ಕರೆಂಟು ಏರಿದರೆ ರೆಸಿಸ್ಟರಿನ ಮೇಲಿನ ವೋಲ್ಟೇಜೂ ಏರಿ ವಾಲ್ವನ್ನು ತಾನೇ ತಡೆಯುತ್ತದೆ. 1954ರ ಮಲ್ಲಾರ್ಡ್ 5-10 ಎರಡು ಇಎಲ್84ಗಳನ್ನು ಹೀಗೆಯೇ ದುಡಿಸಿತು; ಹೊಂದಿಸುವ ಕೆಲಸವೇ ಅದರಲ್ಲಿರಲಿಲ್ಲ.

ಆದರೆ ತಾನೇ ಸರಿಹೋಗುತ್ತದೆ ಎಂಬುದಕ್ಕೂ ಮಿತಿಯುಂಟು. ಜೋಡಿಗೆ ಒಂದೇ ರೆಸಿಸ್ಟರ್ ಇದ್ದರೆ ಒಂದು ವಾಲ್ವ್ ಹೆಚ್ಚು ಎಳೆದು ಇನ್ನೊಂದು ಸೊರಗಿದರೂ ತಿಳಿಯದು. ಫಿಕ್ಸೆಡ್ ಬಯಾಸಿನ ಪ್ರಸಿದ್ಧ ಉದಾಹರಣೆ, 1959ರ ಡೈನಾಕೊ ಎಸ್‌ಟಿ-70ಕ್ಕೂ ಇದೇ ಕೊರತೆಯಿತ್ತೆಂಬುದನ್ನು ಒಪ್ಪಬೇಕು. ಅದರಲ್ಲಿ ಎರಡು ಇಎಲ್34ಗಳಿಗೆ ಒಂದೇ ಪ್ರಿಸೆಟ್, 15.6 ಓಮಿನ ಒಂದೇ ರೆಸಿಸ್ಟರ್, 1.56 ವೋಲ್ಟ್ ಬಂದರೆ ಎರಡೂ ಸೇರಿ 100 ಮಿಲಿಆಂಪ್. ಯಾವುದರ ಪಾಲು ಎಷ್ಟೆಂದು ಮೀಟರ್ ಹೇಳುವುದಿಲ್ಲ.

ಇನ್ನು ಪ್ರಿಸೆಟ್ಟನ್ನು ಮೇಲಿಂದ ಮೇಲೆ ತಿರುಗಿಸುವ ವಿಚಾರ. ಬೇಸಿಗೆಯ ಸಂಜೆ ಅಡಿಕೆ ತೋಟಗಳ ಪಂಪುಗಳು ಚಾಲೂ ಆಗಿ ಮನೆಯ ವೋಲ್ಟೇಜ್ 230ರಿಂದ 200ಕ್ಕೆ ಇಳಿಯಿತೆನ್ನಿ. 6.3 ವೋಲ್ಟ್ ಬೇಕಾದ ಹೀಟರಿಗೆ ಆಗ ಸಿಗುವುದು ಸುಮಾರು 5.5. ಆ ಹೊತ್ತಿನಲ್ಲಿ ಬಯಾಸ್ ಹೊಂದಿಸಿದವರಿಗೆ ಪಂಪುಗಳು ನಿಂತ ಮೇಲೆ ಅದೇ ಪ್ರಿಸೆಟ್ಟಿನಲ್ಲಿ ಮಿತಿಮೀರಿದ ಕರೆಂಟು ಸಿಗಬಹುದು. ಋಣ ವೋಲ್ಟೇಜೂ ಮೇನ್ಸಿನ ಜೊತೆಗೇ ಏರಿಳಿಯುವುದರಿಂದ ಪೆಟ್ಟು ಸ್ವಲ್ಪ ತಗ್ಗುತ್ತದೆ ಎಂಬ ವಾದ ನಿಜವೇ, ಪೂರ್ತಿ ತಗ್ಗುವುದಿಲ್ಲ.

ಎರಡನ್ನೂ ತೂಗಿದಾಗ, ಇಎಲ್84ರಂಥ ಸಣ್ಣ ವಾಲ್ವಿಗೆ ಕ್ಯಾಥೋಡ್ ಬಯಾಸೇ ಸಾಕೆಂದು, ಪ್ರತಿ ವಾಲ್ವಿಗೂ ಬೇರೆ ರೆಸಿಸ್ಟರ್ ಇರಲೆಂದು ನನಗನಿಸುತ್ತದೆ. 400 ವೋಲ್ಟಿನ ಇಎಲ್34 ಜೋಡಿಗೆ ಫಿಕ್ಸೆಡ್ ಬಯಾಸ್ ಆಗಬಹುದು. ಆದರೆ ಪ್ರಿಸೆಟ್ ಒಂದೊಂದಕ್ಕೂ ಪ್ರತ್ಯೇಕವಾಗಿರಬೇಕು. ಅದರ ನಡುಕಾಲಿನಿಂದ ಬಯಾಸ್ ಸಪ್ಲೈನ ಪೂರ್ಣ ಋಣ ವೋಲ್ಟೇಜಿಗೆ ಒಂದು ದೊಡ್ಡ ರೆಸಿಸ್ಟರ್ ಹಾಕಿದರೆ, ಸಂಪರ್ಕ ತಪ್ಪಿದಾಗ ವಾಲ್ವ್ ಸುಡುವ ಬದಲು ತಣ್ಣಗಾಗುತ್ತದೆ. ಹೊಸ ವಾಲ್ವ್ ಹಾಕಿದಾಗ, ಮತ್ತೆ ಮಳೆಗಾಲಕ್ಕೆ ಮುಂಚೆ ಹಾಗೂ ನಂತರ ನೋಡಿದರೆ ಸಾಕು. ಮೊದಲು ಮೇನ್ಸ್ ಅಳೆದು, ಅರ್ಧ ಗಂಟೆ ಕಾಯಿಸಿ, ಆಮೇಲೆ ಬಯಾಸ್. ಅಳೆಯುವ ಪಿನ್ನುಗಳನ್ನು ಚಾಸಿಯ ಹೊರಗೇ ತನ್ನಿ. ಒಳಗೆ ಕೈ ಹಾಕಲೇಬೇಕಾದರೆ ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರಿನ ವೋಲ್ಟೇಜ್ ಸೊನ್ನೆಗೆ ಇಳಿದದ್ದನ್ನು ಮೀಟರಿನಲ್ಲಿ ಕಂಡ ಮೇಲೆಯೇ ಹಾಕಿ.