ದೀಕ್ಷಾಸ್ನಾನದಲ್ಲಿ ಜಾತಿ ತೊಳೆದುಹೋಗಲ್ಲ

'ಕ್ರೈಸ್ತರಾದ ಮೇಲೆ ಜಾತಿ ಎಲ್ಲಿ, ಮೀಸಲಾತಿ ಯಾಕೆ?' ಅಂತ ಕೇಳೋ ಗೆಳೆಯರಿಗೆ ಒಂದು ಮಾತು.

ಹೋದ ತಿಂಗಳು ಸಿಯಾಟಲ್‌ನಲ್ಲಿರೋ ತಂಗಿ ಮನೇಲಿದ್ದೆ. ಭಾನುವಾರ ಚರ್ಚ್‌ನಲ್ಲಿ ಬಿಳಿಯರು, ಕಪ್ಪು ಜನ, ನಾವು ಒಂದೇ ಸಾಲಲ್ಲಿ ನಿಂತು ರೊಟ್ಟಿ, ದ್ರಾಕ್ಷಾರಸ ತಗೊಂಡ್ವಿ. ನಿಮ್ಮದು ಯಾವ ಕೇರಿ ಅಂತ ಅವರ್ಯಾರೂ ಕೇಳಲಿಲ್ಲ. ಕೇಳಿದ್ದು ನಮ್ಮ ಕಡೆಯವರೇ: 'ದೊಡ್ಡಬಳ್ಳಾಪುರದಲ್ಲಿ ಎಲ್ಲಿ? ತಾತನ ಹೆಸರೇನು?' ಆ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಮಗೆ ಗೊತ್ತಿಲ್ವಾ?

ಜಾತಿ ಸಮುದ್ರ ದಾಟಿದೆ ಅಂತ ಆ ಊರು ಒಪ್ಪಿಕೊಂಡಿದೆ. ಕ್ಷಮಾ ಸಾವಂತ್ ಮಂಡಿಸಿದ ಪ್ರಸ್ತಾವದಂತೆ 2023ರ ಫೆಬ್ರವರಿಯಲ್ಲಿ ಅಲ್ಲಿನ ನಗರ ಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಅದೇ ಮೊದಲು. ನಿನ್ನ ದೇವರು ಯಾರು ಅಂತ ಆ ಕಾನೂನು ಕೇಳಲ್ಲ.

ನಮ್ಮದು ಕೇಳುತ್ತೆ. 1950ರ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗಷ್ಟೇ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. ಆ ಪ್ಯಾರಾ ತೆಗೀರಿ ಅಂತ 2007ರಲ್ಲೇ ರಂಗನಾಥ ಮಿಶ್ರಾ ಆಯೋಗ ಹೇಳಿದೆ.

ಜಾತಿ ಹಿಡಿದು ಬೈಯೋನು ಕತ್ತಲ್ಲಿ ಶಿಲುಬೆ ಇದೆಯಾ ಅಂತ ನೋಡಿ ಬೈಯಲ್ಲ. ಆದರೆ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡೋಕೆ ಹೋದ್ರೆ ಶಿಲುಬೆಯೇ ಅಡ್ಡ. ಯೇಸುವನ್ನ ಬಚ್ಚಿಟ್ಟು ಹಕ್ಕು ಕೇಳೋ ಗತಿ ನಮ್ಮ ಮಕ್ಕಳಿಗೆ ಬೇಡ. ಈ ಹೋರಾಟವೂ ನಮ್ಮ ಚಳವಳಿಯದ್ದೇ ಆಗಬೇಕು.

ಜೈ ಭೀಮ್.