‘ಏನೂ ಮಾಡೊಲ್ಲ, ಬನ್ನಿ!’

ನಮ್ಮ ನಗರಗಳ ಮನೆಬಾಗಿಲಲ್ಲಿ ಈಚೆಗೆ ಹೆಚ್ಚಾಗಿ ಕಿವಿಗೆ ಬೀಳುವ ಸ್ವಾಗತವಾಕ್ಯ ಇದು. ಗೇಟಿನ ಚಿಲಕ ಸದ್ದಾದೊಡನೆ ಒಳಗಿನಿಂದ ಬಿರುಗಾಳಿಯೊಂದು ಹೊರಡುತ್ತದೆ. ಅದು ಬಂದವರ ಎದೆಯ ಮೇಲೆ ಎರಡು ಮುಂಗಾಲು ಊರಿ, ಮಡಿಕೆ ಮುರಿಯದ ಬಟ್ಟೆಗೆ ಕೆಸರಿನ ಮುದ್ರೆಯೊತ್ತಿ, ಮುಖದ ಹತ್ತಿರಕ್ಕೆ ನಾಲಗೆ ಚಾಚುತ್ತದೆ. ಬಂದವರು ಗೋಡೆಗೆ ಅಂಟಿಕೊಂಡು ನಿಂತಿರುವಾಗ ಮನೆಯ ಯಜಮಾನರು ಸಾವಕಾಶವಾಗಿ ಹೊರಗೆ ಬಂದು, ಮುಗುಳುನಗುತ್ತ, ‘ಏನೂ ಮಾಡೊಲ್ಲ, ಬನ್ನಿ! ಅದಕ್ಕೆ ಜನ ಅಂದ್ರೆ ಪ್ರೀತಿ’ ಎನ್ನುತ್ತಾರೆ. ಅಷ್ಟಕ್ಕೂ ಬಂದವರ ಮುಖದಲ್ಲಿ ರಕ್ತ ಹರಿಯದಿದ್ದರೆ, ‘ಹೆದರಬೇಡಿ, ನೀವು ಹೆದರಿದ್ರೆ ಅದಕ್ಕೆ ಗೊತ್ತಾಗುತ್ತೆ’ ಎಂಬ ಉಪದೇಶವೂ ದೊರೆಯುತ್ತದೆ. ಅಂದರೆ ತಪ್ಪು ನಾಯಿಯದಲ್ಲ, ಯಜಮಾನರದಂತೂ ಅಲ್ಲವೇ ಅಲ್ಲ, ಹೆದರಿದ ಅತಿಥಿಯದು!

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ಏನೂ ಮಾಡೊಲ್ಲ’ ಎಂದರೆ ಕಚ್ಚುವುದಿಲ್ಲ ಎಂದಷ್ಟೇ ಅರ್ಥ. ಮೈಮೇಲೆ ಹಾರುವುದು, ಉಗುರಿನಿಂದ ಗೀರುವುದು, ಸೀರೆಯ ಸೆರಗು ಹರಿಯುವುದು, ಕೈಯಲ್ಲಿದ್ದ ಹಣ್ಣಿನ ಚೀಲವನ್ನು ನೆಲಕ್ಕೆ ಕೆಡವುವುದು, ಇವೆಲ್ಲ ‘ಏನೂ ಅಲ್ಲ’ ಎಂಬ ಲೆಕ್ಕಕ್ಕೆ ಸೇರುತ್ತವೆ. ನಮ್ಮ ಐದು ವರ್ಷದ ಮಗ ಬಂದವರ ಹೆಗಲಿಗೆ ಜೋತುಬಿದ್ದು ಕನ್ನಡಕ ಕಿತ್ತುಕೊಂಡರೆ ‘ಏನೂ ಮಾಡೊಲ್ಲ, ಬನ್ನಿ’ ಎನ್ನುತ್ತೇವೆಯೆ? ನಾಚಿಕೆಯಿಂದ ಕುಗ್ಗಿ, ಹುಡುಗನನ್ನು ಹಿಂದಕ್ಕೆ ಸೆಳೆದು, ಬಂದವರ ಕ್ಷಮೆ ಕೇಳುತ್ತೇವೆ. ಮಗನ ವಿಷಯದಲ್ಲಿ ತಾನಾಗಿ ಬರುವ ನಾಚಿಕೆ ನಾಯಿಯ ವಿಷಯದಲ್ಲಿ ಏಕೆ ಬರುವುದಿಲ್ಲ?

ನನ್ನ ವಾದ ಸರಳವಾದದ್ದು. ನಾಯಿ ಸಾಕಿದವನಿಗೆ ಅದಕ್ಕೆ ಅನ್ನ ಹಾಕುವುದು ಎಷ್ಟು ಕರ್ತವ್ಯವೋ, ಬಂದವರ ಮುಂದೆ ನಾಲ್ಕು ಕಾಲನ್ನೂ ನೆಲದ ಮೇಲೆ ಊರಿ ನಿಲ್ಲಲು ಕಲಿಸುವುದೂ ಅಷ್ಟೇ ಕರ್ತವ್ಯ. ಕಲಿಸದೆ ಬಿಟ್ಟು ‘ಅದರ ಸ್ವಭಾವವೇ ಹಾಗೆ’ ಎನ್ನುವುದು ಯಜಮಾನನ ಸೋಮಾರಿತನಕ್ಕೆ ನಾಯಿಯ ಹೆಸರಿಟ್ಟಂತೆ.

ಇಷ್ಟು ಹೇಳಿದೊಡನೆ ನಾಯಿದ್ವೇಷಿ ಎಂಬ ಬಿರುದು ಬರುವುದುಂಟು. ಆ ಬಿರುದು ನನಗೆ ಬೇಡ. ನಾಯಿಗೆ ಕಲ್ಲು ನಿಲ್ಲಿಸಿ ಗೌರವಿಸಿದ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ. ಶ. ೯೪೯-೫೦ರ ಶಾಸನವನ್ನು ಬಲ್ಲವರು ಬಲ್ಲರು. ಗಂಗ ಬೂತುಗನ ಕಡೆಯ ವೀರ ಮಣಲೆರ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದು ಕಾಪಾಡಿದ್ದಾರೆ. ಮುಧೋಳದ ಬೇಟೆನಾಯಿಯ ಚಿತ್ರ ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆಯೇ ಬಂತು. ಬೇಟೆಯ ನಾಯಿಗಾಗಲಿ ಕುರಿ ಕಾಯುವ ನಾಯಿಗಾಗಲಿ ಎಲ್ಲಿ ನುಗ್ಗಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬುದು ತಿಳಿದಿರಬೇಕು. ತಿಳಿಯದ ನಾಯಿಯಿಂದ ಬೇಟೆಯೂ ಇಲ್ಲ, ಕಾವಲೂ ಇಲ್ಲ. ನಾಯಿಯನ್ನು ಗೌರವಿಸಿದವರು ಅದರ ಕಲಿಯುವ ಶಕ್ತಿಯನ್ನೂ ಗೌರವಿಸಿದರು. ನಾವಾದರೋ ಮುದ್ದು ಮಾಡುತ್ತೇವೆ, ಕಲಿಸುವುದಿಲ್ಲ.

ನಾಯಿ ಹಾರುವುದೇಕೆ? ದುರುದ್ದೇಶದಿಂದಲ್ಲ. ನಾಯಿಯ ಕುಲದ ಪ್ರಾಣಿಗಳಲ್ಲಿ ಮರಿಗಳು ಬೇಟೆಯಿಂದ ಮರಳಿದ ಹಿರಿಯರ ಬಾಯಿಯನ್ನು ನೆಕ್ಕಿ ಆಹಾರ ಬೇಡುತ್ತವೆ. ಹಿರಿಯ ಪ್ರಾಣಿಗಳು ನುಂಗಿದ್ದನ್ನು ಕಕ್ಕಿ ಉಣಿಸುತ್ತವೆ. ಮುಖದ ಕಡೆಗೆ ಮುಖ ಒಯ್ಯುವುದು ಅವುಗಳ ವಂದನೆ. ನಮ್ಮ ದುರದೃಷ್ಟಕ್ಕೆ ನಮ್ಮ ಮುಖ ಐದಡಿ ಎತ್ತರದಲ್ಲಿದೆ. ಅದನ್ನು ಮುಟ್ಟಲು ಹಾರದೆ ವಿಧಿಯಿಲ್ಲ. ಇಲ್ಲಿಯವರೆಗೆ ಇದು ಸ್ವಭಾವವೇ ಸರಿ. ಮುಂದಿನದು ಮಾತ್ರ ನಮ್ಮ ಕೈಕೆಲಸ.

೧೮೯೮ರಷ್ಟು ಹಿಂದೆಯೇ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ ನೋಡಿದ. ಯಾವ ಚೇಷ್ಟೆಯಿಂದ ಬಾಗಿಲು ತೆರೆದು ಆಹಾರ ಸಿಕ್ಕಿತೋ ಆ ಚೇಷ್ಟೆಯನ್ನು ಬೆಕ್ಕು ಬರಬರುತ್ತ ಬೇಗಬೇಗ ಮಾಡತೊಡಗಿತು. ಫಲ ಕೊಟ್ಟ ಕೆಲಸ ಅಭ್ಯಾಸವಾಗುತ್ತದೆ, ಫಲ ಕೊಡದ್ದು ಬಿಟ್ಟುಹೋಗುತ್ತದೆ ಎಂಬುದು ಅವನು ಕಂಡ ನಿಯಮ. ೧೯೫೧ರಲ್ಲಿ ಬಿ. ಎಫ್. ಸ್ಕಿನ್ನರ್ ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಕುರಿತು ಸಾಮಾನ್ಯ ಓದುಗರಿಗಾಗಿಯೇ ಲೇಖನ ಬರೆದ. ವಿಷಯ ಬಲು ಹಳೆಯದು. ನಮ್ಮ ಜಗುಲಿಗೆ ಮಾತ್ರ ಇನ್ನೂ ತಲುಪಿಲ್ಲ.

ಈಗ ನಮ್ಮ ಮನೆಯ ಲೆಕ್ಕ ನೋಡಿ. ಆರು ವಾರದ ಮರಿ ಮೊಣಕಾಲಿಗೆ ಹಾರಿದಾಗ ಮನೆಮಂದಿಯೆಲ್ಲ ‘ಅಯ್ಯೋ ಬಂಗಾರ!’ ಎಂದು ಎತ್ತಿಕೊಂಡರು. ಆರು ತಿಂಗಳಿಗೆ ಸೊಂಟಕ್ಕೆ ಹಾರಿದಾಗ ತಲೆ ಸವರಿದರು. ಒಂದು ವರ್ಷಕ್ಕೆ ಮೂವತ್ತು ಕಿಲೋ ತೂಗುವ ದೇಹ ಎದೆಗೆ ಅಪ್ಪಳಿಸಿದಾಗ ‘ಛೀ, ಇಳಿ!’ ಎಂದು ಎರಡು ಕೈಯಿಂದಲೂ ನೂಕಿದರು. ನಾಯಿಗೆ ಆ ಬೈಗುಳವೂ ಮಾತೇ, ಆ ನೂಕುವಿಕೆಯೂ ಆಟವೇ. ಹಾರಿದ್ದಕ್ಕೆ ದಿನಕ್ಕೆ ಹತ್ತು ಸಲ ಸಂಬಳ ಕೊಟ್ಟವರು ನಾವು. ಅದು ಕೆಲಸಕ್ಕೆ ತಪ್ಪದೆ ಹಾಜರಾಗುತ್ತದೆಂದು ದೂರುವವರೂ ನಾವೇ! ಅಪ್ಪ ಗದರುತ್ತಾನೆ, ಮಗಳು ಮುದ್ದಿಸುತ್ತಾಳೆ, ಅಜ್ಜಿ ‘ಹೋಗ್ಲಿ ಬಿಡು, ಮೂಕಪ್ರಾಣಿ’ ಎಂದು ಬಿಸ್ಕತ್ತು ಎಸೆಯುತ್ತಾರೆ. ಹತ್ತು ಸಲ ಹಾರಿದರೆ ಒಮ್ಮೆಯಾದರೂ ಫಲ ಸಿಕ್ಕೀತೆಂಬ ಆಸೆ ನಿತ್ಯಫಲಕ್ಕಿಂತ ಗಟ್ಟಿಯಾದ ಅಭ್ಯಾಸವನ್ನು ಕಟ್ಟುತ್ತದೆ. ಲಾಟರಿ ಚೀಟಿಯ ಚಟ ಹತ್ತಿದವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಅಭ್ಯಾಸದ ಬೆಲೆ ತೆರುವವರು ಯಾರು? ಯಜಮಾನರಲ್ಲ. ಎಪ್ಪತ್ತು ದಾಟಿದ ವೃದ್ಧೆ ಒಮ್ಮೆ ಆಯತಪ್ಪಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನಂತೆ ನಡೆದಾಡುವುದು ಎಷ್ಟು ಕಷ್ಟವೆಂದು ಪ್ರತಿಯೊಂದು ಕುಟುಂಬಕ್ಕೂ ಗೊತ್ತು. ಮೂರು ವರ್ಷದ ಮಗುವಿನ ಮುಖ ಸರಿಯಾಗಿ ನಾಯಿಯ ಬಾಯಿಯ ಮಟ್ಟದಲ್ಲಿರುತ್ತದೆ. ಚುಚ್ಚುಮದ್ದು ಹಾಕಿಸದ ನಾಯಿಯ ಉಗುರು ಗೀರಿದರೂ ವೈದ್ಯರು ರೇಬೀಸ್ ಲಸಿಕೆ ಬರೆದುಕೊಡುತ್ತಾರೆ; ಆ ರೋಗ ತಲೆದೋರಿದ ಮೇಲೆ ಬದುಕಿಕೊಳ್ಳುವ ಆಸೆ ಇಲ್ಲವೆಂದೇ ಹೇಳಬೇಕು. ನಾಲ್ಕೈದು ಸಲ ಆಸ್ಪತ್ರೆಗೆ ಅಲೆಯುವುದೆಂದರೆ ದಿನಗೂಲಿಯವನಿಗೆ ಅಷ್ಟು ದಿನದ ಅನ್ನ ಹೋದಂತೆ.

ಇಲ್ಲಿಯೇ ಈ ವಿಷಯದ ನಿಜವಾದ ಕೊಳಕು ಇರುವುದು. ಮನೆಗೆ ಮೇಲಧಿಕಾರಿ ಬರುವ ದಿನ, ಬೀಗರು ಬರುವ ದಿನ ಟಾಮಿಯನ್ನು ಮುಂಚೆಯೇ ಹಿಂದಿನ ಕೋಣೆಗೆ ಕೂಡಿರುತ್ತಾರೆ. ಪಾತ್ರೆ ತೊಳೆಯಲು ಬರುವ ಹೆಂಗಸು ಗೇಟಿನ ಹೊರಗೆ ನಿಂತು ‘ಅಮ್ಮಾವ್ರೆ, ನಾಯಿ ಹಿಡ್ಕೊಳ್ಳಿ’ ಎಂದು ಮೂರು ಸಲ ಕೂಗಿದರೂ ಯಾರೂ ಏಳುವುದಿಲ್ಲ. ‘ಇಷ್ಟು ದಿನದಿಂದ ಬರ್ತಿದೀಯ, ಇನ್ನೂ ಹೆದರ್ತೀಯಲ್ಲೇ!’ ಎಂದು ನಗುತ್ತಾರೆ. ಹಾಲು ಹಾಕುವವನು, ವಿದ್ಯುತ್ ಮೀಟರು ನೋಡುವವನು, ಊಟದ ಪೊಟ್ಟಣ ತರುವ ಹುಡುಗ, ಇವರು ನಮ್ಮ ನಾಯಿಯ ಪ್ರೀತಿ ಬೇಡಿ ಬಂದವರಲ್ಲ, ಹೊಟ್ಟೆಪಾಡಿಗೆ ಬಂದವರು. ‘ನಾಯಿಗೆ ಹೆದರುವವರು ನಮ್ಮ ಮನೆಗೆ ಬರಬೇಡಿ’ ಎಂಬ ಜಂಬದ ಮಾತಿಗೆ ಇವರಲ್ಲಿ ಉತ್ತರವಿಲ್ಲ, ಬರದೆ ಇವರಿಗೆ ನಡೆಯುವುದಿಲ್ಲವಾದ್ದರಿಂದ. ಯಾರು ಬಂದಾಗ ನಾಯಿಯನ್ನು ಹಿಡಿಯುತ್ತೇವೆ, ಯಾರು ಬಂದಾಗ ಹಿಡಿಯುವುದಿಲ್ಲ ಎಂಬ ಪಟ್ಟಿಯೊಂದನ್ನು ಬರೆದುನೋಡಿದರೆ ಸಾಕು. ನಮ್ಮ ಮನಸ್ಸಿನೊಳಗಿನ ಮೇಲು ಕೀಳುಗಳೆಲ್ಲ ಆ ಪಟ್ಟಿಯಲ್ಲಿ ಬಯಲಾಗುತ್ತವೆ.

ಕಾನೂನು ಈ ವಿಷಯದಲ್ಲಿ ಕಣ್ಣು ಮುಚ್ಚಿಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗಲಿ ತೀವ್ರವಾದ ಗಾಯವಾಗಲಿ ಆಗದಂತೆ ನೋಡಿಕೊಳ್ಳಲು ಉದಾಸೀನ ಮಾಡುವುದು ೧೮೬೦ರ ದಂಡಸಂಹಿತೆಯಲ್ಲೇ ಅಪರಾಧವಾಗಿತ್ತು. ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮು ಅದನ್ನೇ ಮುಂದುವರಿಸಿ, ಆರು ತಿಂಗಳವರೆಗಿನ ಸೆರೆ, ಐದು ಸಾವಿರ ರೂಪಾಯಿಯವರೆಗಿನ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಹೊಸ್ತಿಲಿನ ಮರ್ಯಾದೆಯನ್ನು ಪೋಲೀಸರಿಂದ ಕಲಿಯಬೇಕೆ?

ಎಚ್ಚೆತ್ತ ಕೆಲವರು ಇನ್ನೊಂದು ತುದಿಗೆ ಹಾರುತ್ತಾರೆ: ಬಡಿಗೆ ಹಿಡಿಯುತ್ತಾರೆ. ಹಾರಿದ ನಾಯಿಯ ಎದೆಗೆ ಮೊಣಕಾಲಿನಿಂದ ಗುದ್ದು, ಹಿಂಗಾಲಿನ ಬೆರಳು ತುಳಿ ಎಂದು ಉಪದೇಶಿಸಿದ ತರಬೇತಿಯ ಪುಸ್ತಕಗಳೂ ಹಿಂದೆ ಇದ್ದವು. ಆ ನಾಯಿ ಕಲಿಯುವುದು ಸಭ್ಯತೆಯನ್ನಲ್ಲ. ಅತಿಥಿ ಬಂದನೆಂದರೆ ಪೆಟ್ಟು ಬೀಳುತ್ತದೆ ಎಂಬುದನ್ನು. ನಾಳೆ ಅದು ಪ್ರೀತಿಯಿಂದ ಹಾರುವುದನ್ನು ಬಿಟ್ಟು ಭಯದಿಂದ ಹಲ್ಲು ತೋರಿಸೀತು. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ಯಜ್ಞಶಾಲೆಯ ಬಳಿ ಬಂದ ನಾಯಿಮರಿಯನ್ನು ಹೊಡೆದು ಓಡಿಸುತ್ತಾರೆ. ಅದರ ತಾಯಿ ಸರಮೆ ಬಂದು, ಏನೂ ತಪ್ಪು ಮಾಡದ ನನ್ನ ಮಗನನ್ನು ಹೊಡೆದದ್ದೇಕೆ ಎಂದು ಕೇಳಿದಾಗ ಆ ರಾಜಕುಮಾರರಲ್ಲಿ ಉತ್ತರವಿರಲಿಲ್ಲ. ಕಲಿಸದೆ ಹೊಡೆಯುವವರಲ್ಲಿ ಇಂದಿಗೂ ಉತ್ತರವಿಲ್ಲ.

ಮತ್ತೆ ಕೆಲವರು ದಿನವಿಡೀ ಸರಪಳಿ ಬಿಗಿಯುತ್ತಾರೆ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಹೂಡಿದ ಪ್ರಯತ್ನದ ಫಲವಾಗಿ ಬಂದ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನೂ ಹಿಂಸೆಯೆಂದೇ ಎಣಿಸುತ್ತದೆ. ದಿನವೆಲ್ಲ ಕಟ್ಟಿದ ನಾಯಿ ಬಿಟ್ಟಾಗ ಇಮ್ಮಡಿಯಾಗಿ ಹಾರುತ್ತದೆ ಎಂಬುದು ಬೇರೆ ಮಾತು. ಕಡೆಗೆ ‘ಇದರ ಕಾಟ ಸಾಕಾಯ್ತು’ ಎಂದು ಅದನ್ನು ಊರಾಚೆ ಬಿಟ್ಟುಬರುವವರೂ ಇದ್ದಾರೆ. ಕಲಿಸದ ಪಾಪದ ಕೊನೆಯ ಕಂತನ್ನು ನಾಯಿಯೇ ತೆರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಬೆತ್ತವೂ ಬೇಡ, ಪಂಡಿತರೂ ಬೇಡ. ದಿನಕ್ಕೆ ಹತ್ತು ನಿಮಿಷ, ಮನೆಯವರೆಲ್ಲರ ಒಂದೇ ಮಾತು. ಹಾರಿದರೆ ಯಾರೂ ಮುಟ್ಟಕೂಡದು, ಮಾತಾಡಕೂಡದು, ಬೈಯಲೂ ಕೂಡದು. ಬೆನ್ನು ತಿರುಗಿಸಿ ನಿಲ್ಲಬೇಕು. ನಾಲ್ಕು ಕಾಲೂ ನೆಲ ಮುಟ್ಟಿದ ಕ್ಷಣವೇ ಮೆಲುದನಿಯ ಮಾತು, ಸವರಿಕೆ, ತಿಂಡಿಯ ಚೂರು. ಕೂರುವುದನ್ನು ಕಲಿಸಿದರೆ ಇನ್ನೂ ಒಳ್ಳೆಯದು. ಕೂತ ನಾಯಿ ಅದೇ ಹೊತ್ತಿಗೆ ಹಾರಲಾರದು. ಬಾಗಿಲಿನಿಂದ ದೂರ ಒಂದು ಗೋಣಿತಟ್ಟು ಹಾಸಿ, ಕರೆಗಂಟೆ ಬಾರಿಸಿದರೆ ಅಲ್ಲಿ ಹೋಗಿ ಕೂತರೆ ತಿಂಡಿ ಎಂಬ ಪಾಠ ಹೇಳಬೇಕು. ಅತಿಥಿಗಳು ಬರುವವರೆಗೆ ಕಾಯಬೇಕಾಗಿಲ್ಲ. ಮನೆಯ ಹುಡುಗನೇ ಹೊರಗೆ ಹೋಗಿ ದಿನಕ್ಕೆ ಹತ್ತು ಸಲ ಗಂಟೆ ಒತ್ತಲಿ. ಗಂಟೆ ಎಂದರೆ ಗದ್ದಲ ಎಂದು ಕಲಿತ ಕಿವಿ, ಗಂಟೆ ಎಂದರೆ ಗೋಣಿತಟ್ಟು ಎಂದೂ ಕಲಿಯುತ್ತದೆ. ಬೆಳಗು ಸಂಜೆ ಚೆನ್ನಾಗಿ ನಡೆಸಿಕೊಂಡು ಬಂದರೆ ಅರ್ಧ ಕೆಲಸ ಮುಗಿದಂತೆ. ಗುರುಗುಟ್ಟುವ, ಹೆದರಿ ಕಚ್ಚಲು ಬರುವ ನಾಯಿಯ ವಿಷಯ ಬೇರೆ. ಅದನ್ನು ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ನಡೆಯಬೇಕು.

‘ನಾಯಿಬಾಲ ಡೊಂಕು, ಅದನ್ನು ನೆಟ್ಟಗೆ ಮಾಡೋಕಾಗುತ್ತಾ?’ ಎಂದು ಗಾದೆ ಹಿಡಿದು ಬರುವವರಿದ್ದಾರೆ. ಬಾಲವನ್ನು ನೆಟ್ಟಗೆ ಮಾಡಿ ಎಂದು ಕೇಳಿದವರಾರು? ಅದು ಡೊಂಕಾಗಿಯೇ ಇದ್ದು ಸಂತೋಷದಿಂದ ಆಡಲಿ. ನಮಗೆ ಬೇಕಾದದ್ದು ಕಾಲು ನೆಲದ ಮೇಲಿರುವುದು. ‘ಶಾಂತವಾದರೆ ಕಾವಲು ಹೇಗೆ?’ ಎನ್ನುವವರಿಗೂ ಒಂದು ಮಾತು. ಅಪರಿಚಿತರು ಬಂದರೆಂದು ನಾಯಿ ಬೊಗಳಿ ತಿಳಿಸಲಿ; ಯಜಮಾನ ಬಂದು ‘ಸಾಕು’ ಎಂದ ಮೇಲೆ ಸುಮ್ಮನಾಗಲಿ. ಬಂದವರ ಮೇಲೆಲ್ಲ ಪ್ರೀತಿಯಿಂದ ಹಾರುವ ನಾಯಿ ಕಳ್ಳನ ಮೇಲೂ ಪ್ರೀತಿಯಿಂದಲೇ ಹಾರುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬುದೂ ನೆಪವೇ. ವಯಸ್ಸಾದ ನಾಯಿಗೆ ಹೆಚ್ಚು ದಿನ ಹಿಡಿಯುತ್ತದೆ, ಅಷ್ಟೆ. ಇನ್ನು ‘ಬಿಡುವಿಲ್ಲ’ ಎನ್ನುವವರು ನಾಯಿ ತರುವ ಮೊದಲು ಆ ಮಾತನ್ನು ಯೋಚಿಸಬೇಕಾಗಿತ್ತು.

ನಮ್ಮ ಗೇಟುಗಳ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ತೂಗುತ್ತದೆ. ಎಚ್ಚರಿಕೆಯ ಭಾರವೆಲ್ಲ ಬರುವವರ ತಲೆಗೆ! ಅದೇ ಫಲಕದ ಇನ್ನೊಂದು ಪ್ರತಿಯನ್ನು ಗೇಟಿನ ಒಳಮುಖಕ್ಕೂ, ಯಜಮಾನರ ಕಣ್ಣಿಗೆ ಬೀಳುವಂತೆ, ತೂಗುಹಾಕುವುದು ಒಳ್ಳೆಯದು. ಬಂದವರಿಗೆ ಹೆದರುವ ಹಕ್ಕಿದೆ. ಆ ಹೆದರಿಕೆಯನ್ನು ನಗೆಗೀಡು ಮಾಡುವ ಹಕ್ಕು ನಮಗಿಲ್ಲ. ನಾಯಿ ಪಾಠ ಕಲಿಯುವವರೆಗೆ ನಾವು ಆಡಬೇಕಾದ ಸಭ್ಯವಾದ ಮಾತು ಒಂದೇ: ‘ಒಂದು ನಿಮಿಷ ತಡೀರಿ, ನಾಯಿ ಕಟ್ಟಿ ಬರ್ತೀನಿ.’ ಅದನ್ನು ಬೀಗರಿಗೂ ಹೇಳಬೇಕು, ಪಾತ್ರೆ ತೊಳೆಯುವವಳಿಗೂ ಹೇಳಬೇಕು.