ವಿಮಾನ ಇಳಿದರೆ ಸಾಕೆ, ಜೋಳ ಉಳಿಯಬೇಡವೆ?

ಅಮೆರಿಕದ ಹವ್ಯಾಸಿ ಪೈಲಟ್‌ಗಳ ನಡುವೆ ‘ನೂರು ಡಾಲರಿನ ಹ್ಯಾಂಬರ್ಗರ್’ ಎಂಬ ತಮಾಷೆಯ ಮಾತೊಂದಿದೆ. ಎರಡೋ ನಾಲ್ಕೋ ಸೀಟಿನ ವಿಮಾನ ಏರಿ ಇನ್ನೊಂದು ಊರಿಗೆ ಹಾರುವುದು, ರನ್‌ವೇ ಪಕ್ಕದ ಹೋಟೆಲಿನಲ್ಲಿ ತಿಂದು ಸಂಜೆಯೊಳಗೆ ಮನೆಗೆ ಮರಳುವುದು. ತಿಂದದ್ದಕ್ಕೆ ಕೊಟ್ಟದ್ದು ಸ್ವಲ್ಪ, ಇಂಧನಕ್ಕೆ ಸುಟ್ಟದ್ದು ಬಹಳ. ಕ್ಯಾಲಿಫೋರ್ನಿಯಾದವರಾದರೆ ದ್ರಾಕ್ಷಿ ಸೀಮೆಯಾದ ನಾಪಾ ಕಣಿವೆಗೇ ಹಾರಬಹುದು. ಕುಡಿದು ಎಂಟು ಗಂಟೆ ಕಳೆಯದೆ ವಿಮಾನ ನಡೆಸಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ಪೈಲಟ್‌ನ ಪಾಲಿಗೆ ವೈನ್ ಇಲ್ಲ, ಬರೀ ಊಟ.

ಇದನ್ನು ಕೇಳಿ ನಗುವ ನಾವೂ ಅದೇ ಕನಸನ್ನು ಕಾಣತೊಡಗಿದ್ದೇವೆ. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಶ್ರೀನಿವಾಸ ಸರಡಗಿಯ ಬಳಿ ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಮಲಗಿದೆ. ಪೈಲಟ್ ತರಬೇತಿಗೆಂದು ಸಣ್ಣ ವಿಮಾನಗಳೂ ಬಂದವು. ಅಂದಿನಿಂದ ವೇದಿಕೆಗಳಲ್ಲಿ ಒಂದೇ ಮಾತು: ವಿಮಾನ ಬಂದರೆ ಪ್ರವಾಸಿ ಬರುತ್ತಾನೆ, ಪ್ರವಾಸಿ ಬಂದರೆ ನಮ್ಮ ಜೋಳದ ರೊಟ್ಟಿಗೆ, ಶೇಂಗಾ ಹಿಂಡಿಗೆ, ಪುಂಡಿಪಲ್ಯಕ್ಕೆ ಬೆಲೆ ಬರುತ್ತದೆ.

ಈ ಮಾತು ತಲೆಕೆಳಗಾಗಿದೆ ಎನ್ನುವುದು ನನ್ನ ವಾದ. ರನ್‌ವೇ ಬಾಯಿಗಳನ್ನು ತರಬಲ್ಲದು. ತಟ್ಟೆಯನ್ನು ತುಂಬಿಸುವುದು ಹೊಲ.

ನಾಪಾವನ್ನೇ ನೋಡಿ. ಒಂದು ಕಾಲಕ್ಕೆ ಅದು ಹಣ್ಣಿನ ತೋಟ, ದನಕರುಗಳ ಸಾಮಾನ್ಯ ಸೀಮೆ. ಸ್ಯಾನ್ ಫ್ರಾನ್ಸಿಸ್ಕೋದ ಸುತ್ತಲಿನ ಬಡಾವಣೆಗಳು ಬೆಳೆಯುತ್ತ ಅದರತ್ತ ಬರುತ್ತಿದ್ದವು. 1968ರಲ್ಲಿ ಅಲ್ಲಿನ ಕೌಂಟಿ ಆಡಳಿತ ಕಣಿವೆಯನ್ನು ಕೃಷಿ ಸಂರಕ್ಷಣಾ ವಲಯವೆಂದು ಸಾರಿ, ಹೊಲಗಳನ್ನು 20 ಎಕರೆಗಿಂತ ಸಣ್ಣ ತುಂಡು ಮಾಡಬಾರದೆಂದು ಕಟ್ಟಳೆ ತಂದಿತು. ಮುಂದೆ ಅದು 40 ಎಕರೆಯಾಯಿತು. ಪ್ಯಾರಿಸ್‌ನ ರುಚಿ ಪರೀಕ್ಷೆಯಲ್ಲಿ ನಾಪಾದ ವೈನ್ ಫ್ರೆಂಚ್ ವೈನನ್ನು ಸೋಲಿಸಿ ಲೋಕಪ್ರಸಿದ್ಧವಾದದ್ದು 1976ರಲ್ಲಿ. ಮೊದಲು ನೆಲ ಉಳಿಯಿತು, ಎಂಟು ವರ್ಷಗಳ ನಂತರ ಹೆಸರು ಬಂತು. ನಾಪಾ ಸ್ವರ್ಗವೇನಲ್ಲ. ದ್ರಾಕ್ಷಿ ಬಿಡಿಸುವ ಮೆಕ್ಸಿಕೊ ಮೂಲದ ಕೂಲಿಗಳಿಗೆ ಅಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ. ಆದರೂ ಉಣ್ಣಲು ಹಾರಿ ಬರುವವನಿಗೆ ಅಲ್ಲಿ ಉಣ್ಣಲು ಏನಾದರೂ ಉಳಿದಿದೆಯೆಂದರೆ ಆ ಕಟ್ಟಳೆಯಿಂದ.

ನಾವೇನು ಮಾಡಿದೆವು? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿ, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದೆಂದು ಬಾಗಿಲು ತೆರೆದೆವು. ಅವರು ಬೇಲಿ ಹಾಕಿ ಹೆಸರು ಗಳಿಸಿದರು. ನಾವು ಬೇಲಿ ಕಿತ್ತು ಹೆಸರಿಗಾಗಿ ಕಾಯುತ್ತಿದ್ದೇವೆ.

ಈಗ ಅಫಜಲಪುರಕ್ಕೆ ಬನ್ನಿ. ವಿಮಾನ ನಿಲ್ದಾಣದಿಂದ 70 ಕಿಲೋಮೀಟರಿಗೂ ದೂರ. ಅದು ಕಲಬುರಗಿಯ ಮೂಡಣಕ್ಕೆ, ಇದು ಪಡುವಣಕ್ಕೆ. ಭೀಮೆಯ ದಂಡೆಯ ಎರೆಭೂಮಿ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಕಪ್ಪುಮಣ್ಣಿನಲ್ಲಿ ಉಳಿದ ಹಸಿಯನ್ನೇ ಕುಡಿದು, ಚಳಿಗಾಲದ ಇಬ್ಬನಿಯಲ್ಲಿ ತೆನೆ ಕಟ್ಟುವ ನೆಲ. ಕಾಳು ಮನೆಗೆ, ಕಣಿಕೆ ದನಕ್ಕೆ. ಕಾಲುವೆ ಬೇಡ, ಬೋರ್‌ವೆಲ್ ಬೇಡ. ಇದೇ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಯಿದೆ, ಸೊನ್ನದಲ್ಲಿ ಭೀಮೆಗೆ ಬ್ಯಾರೇಜ್ ಇದೆ. ನೀರು ಸಿಕ್ಕ ಕಡೆಯೆಲ್ಲ ಕಬ್ಬು ನಿಲ್ಲುತ್ತದೆ.

‘ರೈತ ಕಬ್ಬು ಬೆಳೆದು ನಾಲ್ಕು ಕಾಸು ಕಂಡರೆ ನಿಮಗೇಕೆ ಹೊಟ್ಟೆಕಿಚ್ಚು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ತಪ್ಪು ರೈತನದಲ್ಲ. ಕಬ್ಬಿಗೆ ಪ್ರತಿ ಹಂಗಾಮಿನಲ್ಲೂ ಸರ್ಕಾರ ದರ ಗೊತ್ತುಮಾಡುತ್ತದೆ, ಕಾರ್ಖಾನೆ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಜೋಳಕ್ಕೂ ಬೆಂಬಲ ಬೆಲೆ ಘೋಷಣೆಯಾಗುತ್ತದೆ, ಆದರೆ ಅಡತಿಯ ವ್ಯಾಪಾರಿಗೆ ಆ ಬೆಲೆಯ ಹಂಗಿಲ್ಲ. ಪಕ್ಕದ ವಿಜಯಪುರ ಜಿಲ್ಲೆಯ ದ್ರಾಕ್ಷಿಗೂ ಒಬ್ಬ ದಿಕ್ಕಿದ್ದಾನೆ: 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ಬಾಟಲಿಗೆ ನೀತಿ ಸಿಕ್ಕಿತು, ರೊಟ್ಟಿಗೆ ಸಿಕ್ಕಿದ್ದು ಮೇಳದಲ್ಲೊಂದು ಮಳಿಗೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದಿತು. ಭಾಷಣವಾಯಿತು, ಊಟವಾಯಿತು, ಕೈ ತೊಳೆದದ್ದಾಯಿತು.

ಇತ್ತೀಚೆಗೆ ಒಂದು ಒಳ್ಳೆಯ ಕೆಲಸವೂ ನಡೆದಿದೆ. ಜಿಲ್ಲೆಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಬಡಿದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಬೆಂಗಳೂರಿನವರೆಗೂ ಹೋಗುತ್ತಿದೆ. ರೊಟ್ಟಿಯೇ ಪ್ರಯಾಣ ಮಾಡಿದರೆ ಉಣ್ಣುವವನು ವಿಮಾನ ಏರಬೇಕಿಲ್ಲ, ಬಡಿದವಳ ಕೈಗೂ ಕಾಸು ಬರುತ್ತದೆ. ಅದನ್ನು ಮೆಚ್ಚುತ್ತಲೇ ಕೇಳುತ್ತೇನೆ: ಆ ಹಿಟ್ಟಿನ ಜೋಳ ನಾಳೆ ಎಲ್ಲಿಂದ ಬರುತ್ತದೆ? ಊರ ಹೊಲದಲ್ಲಿ ಜೋಳವಿಲ್ಲದೆ ಊರ ಹೆಸರಿನ ರೊಟ್ಟಿ ಎಷ್ಟು ದಿನ?

ಇನ್ನು ಪ್ರವಾಸಿಯ ಮಾತು. ಉಣ್ಣಲೆಂದು ದೂರದಿಂದ ಬರುವವರು ನಮ್ಮ ತಾಲ್ಲೂಕಿಗೆ ಹೊಸಬರಲ್ಲ. ಭೀಮಾ–ಅಮರ್ಜಾ ಸಂಗಮದ ದೇವಲ ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದ, ಆಂಧ್ರ–ತೆಲಂಗಾಣದಿಂದ ಜನ ಬರುತ್ತಲೇ ಇದ್ದಾರೆ. ಬಂದವರು ಜೋಳಿಗೆ ಹಿಡಿದು ಮಾಧುಕರಿ ಬೇಡುತ್ತಾರೆ. ದತ್ತನೇ ಮಧ್ಯಾಹ್ನ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ, ಹಾಗಾಗಿ ಕೊಡುವವರೂ ಭಕ್ತರೇ, ಬೇಡುವವರೂ ಭಕ್ತರೇ. ಲಕ್ಷಾಧಿಪತಿಯೂ ಅಲ್ಲಿ ಕೈಯೊಡ್ಡಬೇಕು. ದೇವರನ್ನು ನಂಬದವರೂ ಇದರಿಂದ ಒಂದು ಮಾತು ಕಲಿಯಬಹುದು: ಪರಸ್ಥಳದಲ್ಲಿ ಉಂಡವನು ಆ ಊರಿನ ಋಣದಲ್ಲಿ ಇರುತ್ತಾನೆ. ಬಿಲ್ಲು ಕೊಟ್ಟು ಎದ್ದು ಹೋಗುವ ಗಿರಾಕಿಗೆ ಈ ಋಣದ ಗುರುತಿಲ್ಲ. ಅವನ ಕಣ್ಣಿಗೆ ಊರು ಒಂದು ಮೆನು.

ಎಳ್ಳ ಅಮಾವಾಸ್ಯೆಗೆ ನಮ್ಮ ಜನ ಸಜ್ಜೆ ರೊಟ್ಟಿ, ಭಜ್ಜಿ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲು ಬೆಳೆಗೆ ಚರಗ ಚೆಲ್ಲಿ, ಆಮೇಲೆ ದಾರಿಹೋಕರನ್ನೂ ಕರೆದು ಉಣಿಸುತ್ತಾರೆ. ಮೊದಲು ನೆಲ, ಆಮೇಲೆ ಅತಿಥಿ. ನಮ್ಮ ಅಭಿವೃದ್ಧಿಯ ಯೋಜನೆಗಳಿಗೆ ಈ ಕ್ರಮ ತಿಳಿಯಬೇಕು.

ಬೆಂಬಲ ಬೆಲೆಗೆ ಜೋಳ ಕೊಳ್ಳುವ ಕೇಂದ್ರ ಸುಗ್ಗಿಯ ಹೊತ್ತಿಗೇ ಹೋಬಳಿಯಲ್ಲಿ ತೆರೆಯಲಿ. ಕೊಂಡ ಜೋಳ ಈ ಜಿಲ್ಲೆಯ ಪಡಿತರಕ್ಕೆ, ಶಾಲೆಯ ಬಿಸಿಯೂಟಕ್ಕೆ ಹೋಗಲಿ. ಎರೆಭೂಮಿಯನ್ನು ತುಂಡರಿಸಿ ಮಾರದಂತೆ ಕಾಯುವ ಕಾನೂನು ಬರಲಿ. ಇಷ್ಟಾದ ಮೇಲೆ ಯಾರಾದರೂ ಸಣ್ಣ ವಿಮಾನದಲ್ಲಿ ಹಾರಿ ಬಂದು ಉಣ್ಣುತ್ತೇನೆಂದರೆ ಬರಲಿ, ಬೇಡವೆನ್ನುವ ಜನ ನಾವಲ್ಲ. ಆದರೆ ಸರಡಗಿಯಲ್ಲಿ ಇಳಿದು, ಅಫಜಲಪುರದ ಹಾದಿ ಹಿಡಿದು ಬಂದವನ ತಟ್ಟೆಗೆ ಅಂಗಡಿಯಿಂದ ತಂದ ಅನ್ಯ ಸೀಮೆಯ ಹಿಟ್ಟಿನ ರೊಟ್ಟಿ ಬಿದ್ದರೆ, ಅವನು ಇಷ್ಟು ದೂರ ಬಂದದ್ದಾದರೂ ಏಕೆ?